ಏಳನೇ ಜೇಬಿನ ಫ್ಲಾಪಿ

ಶನಿವಾರ, ಬೆಳಗಿನ ಐದೂಮುಕ್ಕಾಲು. ಅಂಧ ಮಕ್ಕಳ ಶಾಲೆಯ ಕೊನೆಯ ಕೋಣೆಯಲ್ಲಿ ಒಂದೇ ಒಂದು ಟ್ಯೂಬ್‌ಲೈಟು ಉರಿಯುತ್ತಿದೆ. ಅದರ ಕೆಳಗೆ ಹಳೇ ಟವೆಲು ಹಾಸಿಕೊಂಡು, ಐವತ್ತೆಂಟು ವರ್ಷದ ಒಬ್ಬ ಮನುಷ್ಯ ಮಂಡಿಯೂರಿ ಕೂತಿದ್ದಾರೆ. ಎದುರಿಗೆ ಮುಚ್ಚಳ ಬಿಚ್ಚಿದ ಕಂಪ್ಯೂಟರು. ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಫ್ಲಾಪಿ ತೂರಿಸುವ ಸೀಳಿನೊಳಗೆ ಬಿಟ್ಟು ಮೆಲ್ಲಗೆ ಒರೆಸುತ್ತಾರೆ. ಹತ್ತಿ ಕಪ್ಪಾಗಿ ಹೊರಗೆ ಬರುತ್ತದೆ. ಇನ್ನೊಂದು ಕಡ್ಡಿ. ಅದೂ ಕಪ್ಪು. ನಾಲ್ಕನೇ ಕಡ್ಡಿ ಬಿಳುಪಾಗಿಯೇ ವಾಪಸು ಬಂದ ಮೇಲೆ, "ಹ್ಞೂಂ, ಈಗ ಮುಖ ತೊಳ್ಕೊಂಡಿದೆ" ಅಂತ ತಮಗೆ ತಾವೇ ಹೇಳಿಕೊಳ್ಳುತ್ತಾರೆ.

ಇಷ್ಟು ಬೆಳಗ್ಗೆ ಯಾಕೆ ಅಂದರೆ ಅದಕ್ಕೂ ಲೆಕ್ಕಾಚಾರವಿದೆ. "ಹೊತ್ತೇರಿದ ಮೇಲೆ ರಸ್ತೆ ಗಲಾಟೆ. ಫ್ಲಾಪಿ ಓದೋ ಡ್ರೈವು ಏನ್ ಹೇಳ್ತಿದೆ ಅಂತ ಕೇಳ್ಸೋದೇ ಇಲ್ಲ. ಈ ಹೊತ್ತಲ್ಲಿ ಕರೆಂಟೂ ಒಂದೇ ಸಮ ಇರುತ್ತೆ. ಮಧ್ಯದಲ್ಲಿ ಕರೆಂಟು ಹೋದ್ರೆ ಮೊದಲಿಂದ ಶುರು ಮಾಡ್ಬೇಕು, ಬೇರೆ ದಾರಿ ಇಲ್ಲ" ಅನ್ನುತ್ತಾರೆ.

ರಿಪೇರಿ ಅಂಗಡಿಗಳ ಗಲ್ಲಿಯಲ್ಲಿ ಇವರಿಗೆ 'ಫ್ಲಾಪಿ ಮಾಮ' ಅಂತಲೇ ಹೆಸರು. ಪಕ್ಕದ ಮೊಬೈಲ್ ಅಂಗಡಿಯವನು ಚುಡಾಯಿಸಲು ಇಟ್ಟ ಹೆಸರದು. ಬರಬರುತ್ತ ಗಿರಾಕಿಗಳೂ ಹಾಗೇ ಕರೆಯತೊಡಗಿದರು, ಈಗ ಅಂಚೆಯವನೂ ಹಾಗೇ ಕೂಗುತ್ತಾನೆ. ಮಾಮನಿಗೆ ಬೇಸರವೇನಿಲ್ಲ. ಅಂಗೈಯಗಲದ ಆ ಚೌಕಾಕಾರದ ಪ್ಲಾಸ್ಟಿಕ್ ಬಿಲ್ಲೆಯನ್ನು ಇವತ್ತಿನ ಮಕ್ಕಳು ಕಂಡೇ ಇಲ್ಲ. ನಿಮ್ಮ ಫೋನಿನಲ್ಲಿ ತೆಗೆದ ಒಂದೇ ಒಂದು ಫೋಟೋ ಅದರೊಳಗೆ ಹಿಡಿಸುವುದಿಲ್ಲ. ಅಂಥ ಹದಿನಾಲ್ಕು ಬಿಲ್ಲೆಗಳನ್ನು ಒಂದಾದ ಮೇಲೊಂದು ಉಣಿಸಿ, ಗುಜರಿಗೆ ಹೋಗಬೇಕಾದ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಎಬ್ಬಿಸುವುದು ಮಾಮನ ಕೆಲಸ. ಇಲ್ಲಿಯವರೆಗೆ ಮುನ್ನೂರಾ ಹನ್ನೊಂದು ಯಂತ್ರ ಎದ್ದಿವೆ. ಏಳದೆ ಹೋದವು ಎಷ್ಟು ಅಂತ ಕೇಳಿದರೆ, "ಅದನ್ನ ನನ್ನ ಹೆಂಡ್ತೀನ ಕೇಳಿ, ಅವಳಿಗೆ ಚೆನ್ನಾಗಿ ನೆನಪಿದೆ" ಅಂತ ಜಾರಿಕೊಳ್ಳುತ್ತಾರೆ.

ಲಿನಕ್ಸ್ ಅಂದರೇನು ಅಂತ ಗಿರಾಕಿಗಳು ಕೇಳುವುದುಂಟು. ಕಂಪ್ಯೂಟರು ಮೈ ಕೊಡವಿ ಎದ್ದು, ನಾವು ಹೇಳಿದ್ದನ್ನು ಕೇಳುವಂತೆ ಮಾಡುವ ಮೂಲ ವ್ಯವಸ್ಥೆ ಅದು. ಯಾರು ಬೇಕಾದರೂ ನಕಲು ಮಾಡಿಕೊಂಡು ಹಾಕಿಕೊಳ್ಳಬಹುದು. ಮಾಮ ಇಷ್ಟೆಲ್ಲ ಹೇಳಲು ಹೋಗುವುದಿಲ್ಲ. "ಬೇರೆಯವೆಲ್ಲ ಹೊಸ ಮನೆ ಕಟ್ಸಿದ್ರೆ ಮಾತ್ರ ಬರ್ತೀನಿ ಅಂತವೆ. ಇದು ಇರೋ ಮನೇಲೇ ಹೊಂದ್ಕೊಂಡು ಹೋಗುತ್ತೆ" ಅಂದು ಮುಗಿಸಿಬಿಡುತ್ತಾರೆ.

ಈ ಶನಿವಾರ ಅವರ ಎದುರಿಗಿರುವ ಯಂತ್ರಕ್ಕೆ ಇಪ್ಪತ್ತನಾಲ್ಕು ವರ್ಷ. ಅದರ ಹಾರ್ಡ್ ಡಿಸ್ಕು ಗುರುವಾರ ಸಂಜೆ ಕಟಕಟ ಅಂದು ಪ್ರಾಣ ಬಿಟ್ಟಿದೆ. ಮಾಮ ತಮ್ಮ ಡಬ್ಬಿಯಿಂದ ಬೇರೊಂದು ತೆಗೆದು ನಿನ್ನೆಯೇ ಕೂರಿಸಿ ಹೋಗಿದ್ದಾರೆ. ಇದಕ್ಕೆ ಸೀಡಿ ಹಾಕುವ ಜಾಗವಿಲ್ಲ, ಪೆನ್‌ಡ್ರೈವಿನಿಂದ ಏಳುವುದು ಇದಕ್ಕೆ ಗೊತ್ತಿಲ್ಲ. ಫ್ಲಾಪಿಯೊಂದೇ ಗತಿ.

ಹೊಸದೊಂದು ಕಂಪ್ಯೂಟರು ತಂದರಾಗದೇ ಅಂದಿರಾ? ತಂದಿದ್ದರು. ಅದು ಆಫೀಸಿನಲ್ಲಿ ಪಳಪಳ ಹೊಳೆಯುತ್ತ ಕೂತಿದೆ. ತೊಂದರೆಯಿರುವುದು ಗೋಡೆಯ ಪಕ್ಕದ ದೊಡ್ಡ ಯಂತ್ರದ್ದು. ದಪ್ಪ ಕಾಗದದ ಮೇಲೆ ಬ್ರೈಲ್ ಚುಕ್ಕಿಗಳನ್ನು ಒತ್ತುವ ಮುದ್ರಣ ಯಂತ್ರವದು. ಇಪ್ಪತ್ತೈದು ಸೂಜಿಯ ಅಗಲ ಮೂತಿಯ ತಂತಿಯಲ್ಲಿ ಮಾತ್ರ ಅದು ಮಾತು ಕೇಳುತ್ತದೆ. ಹೊಸ ಕಂಪ್ಯೂಟರಿಗೆ ಅಂಥ ಕಿವಿಯೇ ಇಲ್ಲ. ನಡುವೆ ಏನೋ ಒಂದು ಜೋಡಣೆ ತಂದು ಸಿಕ್ಕಿಸಿ ನೋಡಿದರು. ಸಾಲಿನ ಮಧ್ಯೆ ಚುಕ್ಕಿಗಳು ಬಿಟ್ಟುಹೋಗಿ, ಗಣಿತದ ಪ್ರಶ್ನೆಯಲ್ಲಿ ಎಂಟು ಇದ್ದದ್ದು ಐದಾಗಿ ಅಚ್ಚಾಯಿತು.

ಈ ಕೋಣೆಯ ಒಡತಿ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಾರೆ. ಮಕ್ಕಳು ಅವರನ್ನು 'ಅಚ್ಚಿನ ಮೇಡಂ' ಅನ್ನುತ್ತಾರೆ. ಹುಟ್ಟಿದಾಗಿನಿಂದ ಕಣ್ಣಿಲ್ಲ. ಇದೇ ಶಾಲೆಯಲ್ಲಿ ಓದಿ, ಹತ್ತೊಂಬತ್ತು ವರ್ಷದಿಂದ ಇದೇ ಕೋಣೆಯಲ್ಲಿ ಮಕ್ಕಳಿಗೆ ಪಾಠದ ಪುಸ್ತಕ, ಪ್ರಶ್ನೆಪತ್ರಿಕೆ ಅಚ್ಚು ಹಾಕಿಕೊಡುತ್ತಿದ್ದಾರೆ. ಸೋಮವಾರ ಬೆಳಗ್ಗೆ ಹತ್ತಕ್ಕೆ ವಾರ್ಷಿಕ ಪರೀಕ್ಷೆ ಶುರು. ನಲವತ್ತೊಂದು ಮಕ್ಕಳು, ಮೊದಲ ದಿನದ ಪತ್ರಿಕೆಗೆ ತಲಾ ನಾಲ್ಕು ಹಾಳೆ, ಒಂದು ಹಾಳೆಗೆ ಒಂದೂವರೆ ನಿಮಿಷ. ನಾಲ್ಕು ಗಂಟೆಗೂ ಮೀರಿದ ಕೆಲಸ. ಭಾನುವಾರ ಶಾಲೆಗೆ ಬೀಗ.

ಹೆಡ್‌ಮಾಸ್ತರು ಗಡುವು ಕೊಟ್ಟಿದ್ದಾರೆ. ಇವತ್ತು ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಯಂತ್ರ ಏಳದಿದ್ದರೆ ಈ ಸಲ ಬ್ರೈಲ್ ಪತ್ರಿಕೆ ಇಲ್ಲ. ಮೇಷ್ಟ್ರುಗಳು ಪ್ರಶ್ನೆ ಓದಿ ಹೇಳುತ್ತಾರೆ, ಮಕ್ಕಳು ಕೇಳಿಸಿಕೊಂಡು ಬರೆಯಬೇಕು. ಅವರನ್ನು ತಪ್ಪು ಅನ್ನುವ ಹಾಗೂ ಇಲ್ಲ, ಪರೀಕ್ಷೆಯಂತೂ ನಡೆಯಲೇಬೇಕಲ್ಲ.

ಅಚ್ಚಿನ ಮೇಡಂಗೆ ಈ ಮಾತು ಗಂಟಲಲ್ಲಿ ಇಳಿಯುತ್ತಿಲ್ಲ. "ಆರು ಮಕ್ಕಳಿಗೆ ಒಬ್ರು ಮೇಷ್ಟ್ರು. ಪ್ರಶ್ನೆ ಇನ್ನೊಂದು ಸಲ ಬೇಕು ಅಂದ್ರೆ ಕೈ ಎತ್ತಿ ಕಾಯ್ಬೇಕು. ಎರಡು ಸಲ ಕೇಳ್ತಾರೆ, ಮೂರನೇ ಸಲ ಸಂಕೋಚ ಆಗಿ ಸುಮ್ಮನಾಗಿಬಿಡ್ತಾರೆ. ನಾನೂ ಹಂಗೇ ಸುಮ್ಮನಾಗಿದ್ದೆ, ನನ್ನ ಕಾಲದಲ್ಲಿ" ಅನ್ನುತ್ತಾರೆ. ಆಮೇಲೆ ಬೆರಳಿನಿಂದ ಸ್ಟೂಲಿನ ಅಂಚು ಸವರುತ್ತ, "ಕಣ್ಣಿರೋರು ಪ್ರಶ್ನೆನ ಹತ್ತು ಸಲ ಓದ್ಕೊಳ್ಳಲ್ವಾ? ಯಾರೂ ಕೇಳಲ್ಲ ಅವ್ರನ್ನ" ಅಂತ ಸೇರಿಸುತ್ತಾರೆ.

ಐದು ಐವತ್ತೈದಕ್ಕೆ ಮೊದಲ ಫ್ಲಾಪಿ ಒಳಗೆ ಹೋಗುತ್ತದೆ. ಪುಟ್ಟ ಹಸಿರು ದೀಪ ಹೊತ್ತುತ್ತದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಸಾಲುಗಳು ಮೇಲಕ್ಕೆ ಹತ್ತತೊಡಗುತ್ತವೆ.

ಈ ಫ್ಲಾಪಿಗಳನ್ನಿಟ್ಟಿರುವ ಚೀಲದ ಬಗ್ಗೆ ಎರಡು ಮಾತು ಹೇಳಲೇಬೇಕು. ಅದನ್ನು ಹೊಲಿದವರು ಮಾಮನ ಹೆಂಡತಿ, ಮನೆಯಲ್ಲೇ ಟೈಲರಿಂಗ್ ಮಾಡುವವರು. ದಪ್ಪ ಬಟ್ಟೆ, ಹದಿನಾಲ್ಕು ಜೇಬು, ಪ್ರತಿ ಜೇಬಿನ ಮೇಲೂ ಕೆಂಪು ದಾರದಲ್ಲಿ ಅಂಕಿ. ಗಂಡನ ಎಡಗಣ್ಣಿಗೆ ಪೊರೆ ಬರುತ್ತಿದೆ ಅಂತ ಗೊತ್ತಾದ ವರ್ಷ ಅಂಕಿಗಳನ್ನು ಬಿಚ್ಚಿ ಎರಡರಷ್ಟು ದೊಡ್ಡದು ಮಾಡಿ ಮತ್ತೆ ಹೊಲಿದರಂತೆ. ಒಂದೊಂದು ಜೇಬಿನಲ್ಲೂ ಒಂದೇ ಅಂಕಿಯ ಎರಡೆರಡು ಫ್ಲಾಪಿ. ಒಂದು ಕೈ ಕೊಟ್ಟರೆ ಇನ್ನೊಂದಿರಲಿ ಅನ್ನುವುದು ಮಾಮನ ಕಟ್ಟುನಿಟ್ಟು. ಅವರದು ಇನ್ನೂ ಎರಡು ಕಟ್ಟುನಿಟ್ಟಿದೆ. ದೀಪ ಆರುವ ತನಕ ಫ್ಲಾಪಿಗೆ ಕೈ ಹಾಕಬಾರದು. ಆಯಸ್ಕಾಂತ ಅನ್ನುವ ವಸ್ತು ಹತ್ತಿರ ಸುಳಿಯಬಾರದು. ಫ್ಲಾಪಿಯ ಬರಹವೆಲ್ಲ ಇರುವುದು ಆಯಸ್ಕಾಂತದ ಗುಣದಿಂದಲೇ, ಇನ್ನೊಂದು ಆಯಸ್ಕಾಂತ ಪಕ್ಕಕ್ಕೆ ಬಂದರೆ ಎಲ್ಲ ಅಳಿಸಿಹೋಗುತ್ತದೆ. ಈ ಮೂರನ್ನೂ ಮಾಮ ಗಲ್ಲಿಯವರಿಗೆಲ್ಲ ಇಪ್ಪತ್ತು ವರ್ಷದಿಂದ ಒಪ್ಪಿಸಿ ಒಪ್ಪಿಸಿ, ಅವರನ್ನು ಕಂಡರೆ ಜನ ದಾರಿ ಬದಲಿಸುವಷ್ಟಾಗಿದೆ.

ಎರಡನೇ ಫ್ಲಾಪಿ. ಮೂರನೆಯದು. ಪರದೆ ಮುಂದಿನದನ್ನು ಕೇಳುತ್ತದೆ, ಮಾಮ ಹಾಕುತ್ತಾರೆ, ಎಂಟರ್ ಒತ್ತುತ್ತಾರೆ. ಒಂದೊಂದಕ್ಕೆ ಎರಡೆರಡು ನಿಮಿಷ. ಈ ಬಿಡುವಿನಲ್ಲಿ ಹಳೆಯ ಕತೆ ಹೊರಗೆ ಬರುತ್ತದೆ.

ಮಾಮ ಮೊದಲು ಟೈಪ್‌ರೈಟರ್ ಮೆಕ್ಯಾನಿಕ್ಕು. ಹದಿನೇಳನೇ ವಯಸ್ಸಿಗೆ ಒಂದು ಟೈಪಿಂಗ್ ಶಾಲೆಗೆ ಸೇರಿದರು, ಮೂವತ್ತಾರು ಟೈಪ್‌ರೈಟರುಗಳ ಆರೈಕೆ ಅವರದು. ಯಾವ ಯಂತ್ರದ ಯಾವ ಅಕ್ಷರ ಅಂಟಿಕೊಳ್ಳುತ್ತಿದೆ ಅಂತ ಪಕ್ಕದ ಕೋಣೆಯಲ್ಲಿ ಕೂತು ಸದ್ದಿನಲ್ಲೇ ಹೇಳುತ್ತಿದ್ದರಂತೆ. ಒಂದು ದಿನ ಟೈಪಿಂಗ್ ಶಾಲೆ ಮುಚ್ಚಿತು. ಮೂವತ್ತಾರನ್ನೂ ತೂಕಕ್ಕೆ ಹಾಕಿ ಗುಜರಿಯವನಿಗೆ ಕೊಟ್ಟರು. "ನಾನೇ ಹೊತ್ತು ಗಾಡಿಗೆ ಹಾಕ್ದೆ. ಬೆಳಗ್ಗೆ ತಾನೇ ಎಣ್ಣೆ ಬಿಟ್ಟಿದ್ದೆ, ಎಲ್ಲಾ ಚೆನ್ನಾಗೇ ಓಡ್ತಿದ್ವು" ಅಂತ ಮಾಮ ಹೇಳುವಾಗ ದನಿ ತಗ್ಗುತ್ತದೆ. "ಕೆಟ್ಟಿದ್ದಕ್ಕೆ ಎಸೆದ್ರೆ ಒಪ್ಕೋತಿದ್ದೆ. ಹಳೇದಾಯ್ತು ಅಂತ ಎಸೆದ್ರಲ್ಲ, ಅದಕ್ಕೆ ಹೊಟ್ಟೆ ಉರೀತು."

ಆಮೇಲೆ ಕಂಪ್ಯೂಟರು ಅಂಗಡಿಯೊಂದರಲ್ಲಿ ಡಬ್ಬ ಹೊರುವ ಕೆಲಸ. ಅಲ್ಲಿಗೆ ಬರುತ್ತಿದ್ದ ಕಾಲೇಜು ಲ್ಯಾಬಿನ ಸಹಾಯಕರೊಬ್ಬರು ಹದಿನಾಲ್ಕು ಫ್ಲಾಪಿಗಳ ಕಟ್ಟೊಂದನ್ನು ಕೈಗಿಟ್ಟು, "ಹಾಕಿ ನೋಡು, ಹಾಳಾದ್ರೆ ಕಂಪ್ಯೂಟ್ರು ತಾನೆ" ಅಂದರಂತೆ. ಮಾಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆರು ಸಲ ಹಾಕಿದರು, ಆರು ಸಲವೂ ಕೆಟ್ಟಿತು. ಪ್ರತಿ ಸಲವೂ ಪರದೆಯ ಮೇಲೆ ಬಂದದ್ದನ್ನು ಅರ್ಥವಾಗದಿದ್ದರೂ ಅಕ್ಷರ ಬಿಡದೆ ನೋಟ್‌ಪುಸ್ತಕಕ್ಕೆ ಇಳಿಸಿಕೊಂಡರು. ಏಳನೇ ಸಲ ಯಂತ್ರ ಎದ್ದು ಕೂತಿತು. ಆ ನೋಟ್‌ಪುಸ್ತಕ ಈಗಲೂ ಚೀಲದ ತಳದಲ್ಲಿದೆ, ರಟ್ಟು ಹರಿದಿದೆ.

ಆರನೇ ಫ್ಲಾಪಿ ಹೊರಗೆ ಬಂತು. ಏಳನೆಯದು ಒಳಗೆ ಹೋಯಿತು. ಅರ್ಧ ನಿಮಿಷ ಆಗಿದೆಯೋ ಇಲ್ಲವೋ, ಬಾಗಿಲ ಕಡೆಯಿಂದ ಅಚ್ಚಿನ ಮೇಡಂ ದನಿ. "ಅಣ್ಣಾ, ಇದು ಕೊರೀತಿದೆ."

ಮಾಮನಿಗೆ ಇನ್ನೂ ಕೇಳಿಸಿಲ್ಲ. ಕಿವಿಗೊಟ್ಟ ಮೇಲೆ ಕೇಳಿಸುತ್ತದೆ. ಗರ್ರ್ ಅಂದು ಓದಿ ಮುಂದೆ ಹೋಗಬೇಕಾದದ್ದು, ಒಂದೇ ಕಡೆ ನಿಂತು ಟಕ್, ಟಕ್, ಟಕ್ ಅನ್ನುತ್ತಿದೆ. ಪರದೆಯ ಮೇಲೆ ತಪ್ಪಿನ ಸಾಲು ಬಂದೇ ಬಿಡುತ್ತದೆ. ತೆಗೆದು ಮತ್ತೆ ಹಾಕಿದರು. ಊಹೂಂ. ಸೀಳನ್ನು ಇನ್ನೊಂದು ಸಲ ಒರೆಸಿ ಹಾಕಿದರು. ಜಪ್ಪಯ್ಯ ಅಂದರೂ ಓದುತ್ತಿಲ್ಲ.

"ಇರ್ಲಿ ಬಿಡಿ ಮೇಡಂ, ಜೋಡಿ ಇದೆಯಲ್ಲ" ಅಂತ ಮಾಮ ಏಳನೇ ಜೇಬಿಗೆ ಕೈ ಹಾಕಿದರು. ಎರಡನೇ ಫ್ಲಾಪಿಯ ಜೊತೆಗೆ ಸ್ಕ್ರೂಡ್ರೈವರು ಕೈಗೆ ಬಂತು. ಅದರ ತುದಿಗೆ ಮೂರು ಗುಂಡುಪಿನ್ನು ಜೋತುಬಿದ್ದಿವೆ.

ನಡೆದದ್ದು ಇಷ್ಟು. ನಿನ್ನೆ ಸಂಜೆ ಹಾರ್ಡ್ ಡಿಸ್ಕಿಗೆ ಹಾಕುವ ಸ್ಕ್ರೂ ಒಂದು ಮನೆಯಲ್ಲಿ ಮೇಜಿನ ಸಂದಿಗೆ ಬಿತ್ತು. ಹೆಂಡತಿ ನೆಲದ ಪಿನ್ನು ಎತ್ತಲು ಇಟ್ಟುಕೊಂಡಿರುವ ಆಯಸ್ಕಾಂತಕ್ಕೆ ಸ್ಕ್ರೂಡ್ರೈವರಿನ ತುದಿಯನ್ನು ನಾಲ್ಕು ಸಲ ಉಜ್ಜಿದರು, ಅದು ಸ್ಕ್ರೂವನ್ನು ಕಚ್ಚಿ ತಂದಿತು. ಶಾಲೆಗೆ ಹೊತ್ತಾಯಿತು ಅನ್ನುವ ಅವಸರದಲ್ಲಿ, ಕಚ್ಚಿಕೊಂಡಿದ್ದ ಪಿನ್ನುಗಳ ಸಮೇತ ಅದನ್ನು ಕೈಗೆ ಸಿಕ್ಕ ಜೇಬಿಗೆ ತುರುಕಿದರು. ಇಲ್ಲಿ ಬಂದು ಕೆಲಸ ಮಾಡಿದ್ದು ಬೇರೆ ಸ್ಕ್ರೂಡ್ರೈವರಿನಲ್ಲಿ. ಇದು ಇಡೀ ರಾತ್ರಿ ಎರಡು ಏಳನೇ ಫ್ಲಾಪಿಗಳ ಮಧ್ಯೆ ಬೆಚ್ಚಗೆ ಮಲಗಿತ್ತು.

ಎರಡನೆಯದನ್ನೂ ಹಾಕಿ ನೋಡಿದರು. ಅದೂ ಟಕ್ ಟಕ್ ಅಂದಿತು.

ಕೋಣೆಯಲ್ಲಿ ಇರುವುದು ಇಬ್ಬರೇ. ಪಿನ್ನು ಮಾಮನ ಕಣ್ಣಿಗೆ ಬಿದ್ದಿದೆ, ಮೇಡಂ ಕಣ್ಣಿಗೆ ಬೀಳುವ ಮಾತೇ ಇಲ್ಲ. ಫ್ಲಾಪಿ ಹಳೇದು, ಆಯಸ್ಸು ಮುಗಿಯಿತು ಅಂದಿದ್ದರೆ ನಂಬುತ್ತಿದ್ದರು. ಮಾಮನಿಗೆ ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತಂತೆ. "ಇಲ್ಲ ಅಂತ ಯಾಕೆ ಹೇಳ್ಲಿ, ಬಂದಿತ್ತು. ಊರಿಗೆಲ್ಲ ಬುದ್ಧಿ ಹೇಳಿದ ಬಾಯಿ ಇದು" ಅನ್ನುತ್ತಾರೆ. ಮೂರು ಪಿನ್ನುಗಳನ್ನು ಕಿತ್ತು ಮೇಡಂ ಅಂಗೈಯಲ್ಲಿ ಹಾಕಿದರು. "ನನ್ನ ತಪ್ಪು ಮೇಡಂ. ಹೆಂಡ್ತಿ ಪಿನ್ನು ಎತ್ತೋ ಆಯಸ್ಕಾಂತಕ್ಕೆ ಉಜ್ಜಿದ ಸ್ಕ್ರೂಡ್ರೈವರು ಇದರ ಜೊತೆಗೇ ಇಟ್ಟಿದ್ದೆ. ಏಳು ಎರಡೂ ಹೋದ್ವು."

ಮೇಡಂ ಪಿನ್ನುಗಳನ್ನು ಬೆರಳಿನಲ್ಲಿ ಹೊರಳಿಸಿದರು. ಆಮೇಲೆ ಕೇಳಿದ್ದು ಒಂದೇ. "ಆರು, ಎಂಟು?"

"ಆರು ಓದಾಗಿದೆ. ಎಂಟರ ಮೇಲೂ ನಂಗೆ ಭಯ."

ಅಂಗಡಿಯ ಲ್ಯಾಪ್‌ಟಾಪಿನಲ್ಲಿ ಹದಿನಾಲ್ಕರ ನಕಲೂ ಇದೆ, ಹೊರಗಿನಿಂದ ಸಿಕ್ಕಿಸುವ ಫ್ಲಾಪಿ ಡ್ರೈವೂ ಇದೆ. ಏಳನ್ನು ಹೊಸದಾಗಿ ಬರೆದು ತರಬಹುದು. ಅಂಗಡಿ ಸೈಕಲ್ಲಿನಲ್ಲಿ ನಲವತ್ತು ನಿಮಿಷದ ದಾರಿ. ಖಾಲಿ ಫ್ಲಾಪಿ ಮಾತ್ರ ಒಂದೂ ಇಲ್ಲ, ಮಾರುವವರು ನಿಲ್ಲಿಸಿ ಎಷ್ಟೋ ಕಾಲವಾಯಿತು. ಕೆಟ್ಟ ಏಳರ ಮೇಲೇ ಮತ್ತೆ ಬರೆಯಬೇಕು. ಅವುಗಳ ಲೋಹದ ಮುಚ್ಚಳ ಸರಿಸಿ ಮಾಮ ಬೆಳಕಿಗೆ ಹಿಡಿದರು. ಮುಚ್ಚಳದ ಸಂದಿಯಿಂದ ತೂರಿದ ಪಿನ್ನಿನ ಮೊನೆ ಎರಡರ ಮೈಯನ್ನೂ ಗೀಚಿದೆ.

ಅಚ್ಚಿನ ಮೇಡಂ ಎದ್ದು, ಗೋಡೆ ಹಿಡಿಯದೆ ನೇರವಾಗಿ ಬೀರುವಿಗೆ ನಡೆದರು. ಕೆಳಗಿನ ಅರೆಯಿಂದ ಒಂದು ಫ್ಲಾಪಿ ತಂದು ಕೊಟ್ಟರು. ಮೇಲೆ ಬ್ರೈಲ್ ಚೀಟಿ ಅಂಟಿಸಿದೆ. ಹತ್ತೊಂಬತ್ತು ವರ್ಷದ ಹಿಂದೆ ಅವರು ಈ ಕೋಣೆಯಲ್ಲಿ ಮಾಡಿದ ಮೊಟ್ಟಮೊದಲ ಪುಸ್ತಕ, ಒಂದನೇ ತರಗತಿಯ ಪಾಠ, ಅದರೊಳಗಿದೆ.

"ಇದರ ಮೇಲೆ ಬರೀರಿ."

"ಇದ್ರಲ್ಲಿರೋದು ಹೋಗ್ಬಿಡುತ್ತೆ ಮೇಡಂ."

"ಅದ್ರಲ್ಲಿರೋದು ನಂಗೆ ಬಾಯಿಪಾಠ. ಹೊರಡಿ ಅಣ್ಣ, ಹೊತ್ತಾಗುತ್ತೆ."

ಏಳನೆಯದನ್ನು ಕೇಳುತ್ತ ಪರದೆಯ ಮೇಲೆ ಒಂದು ಸಾಲು ಹಾಗೇ ಕಾದಿದೆ. ಸ್ವಿಚ್ಚು ಯಾರಾದರೂ ಆರಿಸಿದರೆ ಆರು ಫ್ಲಾಪಿಯ ಕೆಲಸ ಮಣ್ಣುಪಾಲು. ಕಸ ಗುಡಿಸುವವರು ಬಂದವರೇ ಎಲ್ಲ ಸ್ವಿಚ್ಚೂ ಆರಿಸುವ ಅಭ್ಯಾಸದವರು. ಹಾಗಾಗಿ ಮೇಡಂ ಸ್ಟೂಲನ್ನು ಗೋಡೆಯ ಪಕ್ಕಕ್ಕೆ ಎಳೆದುಕೊಂಡು, ಸ್ವಿಚ್ಚಿನ ಮೇಲೆ ಅಂಗೈ ಮುಚ್ಚಿ ಕೂತರು. ತಿಂಡಿಗೆ ಕರೆದರೂ ಏಳಲಿಲ್ಲ.

ಮಾಮ ಅಂಗಡಿಯಲ್ಲಿ ಮಾಡಿದ ಮೊದಲ ಕೆಲಸ ಮೇಡಂಗೆ ಹೇಳದೇ ಮಾಡಿದ್ದು. ಆ ಫ್ಲಾಪಿಯ ಪಾಠಗಳನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಕೊಂಡರು. ಹನ್ನೊಂದು ಪಾಠ, ಒಂದೂ ಕೆಟ್ಟಿರಲಿಲ್ಲ. "ಬಾಯಿಪಾಠ ಅಂತ ಅವ್ರು ಹೇಳ್ಬಹುದು, ಅಳಿಸೋನು ನಾನಲ್ವಾ" ಅನ್ನುತ್ತಾರೆ. ಅದಾದ ಮೇಲೇ ಏಳನ್ನು ಬರೆದರು, ಎರಡು ಸಲ ಓದಿಸಿ ನೋಡಿದರು, ಜೊತೆಗೆ ತಂದಿದ್ದ ಎಂಟರ ಒಂದು ಪ್ರತಿಯ ಮೇಲೂ ಹೊಸದಾಗಿ ಬರೆದರು. ಎರಡನ್ನೂ ಅಂಗಿಯ ಜೇಬಿನಲ್ಲಿಟ್ಟು ಗುಂಡಿ ಹಾಕಿಕೊಂಡರು. ಸ್ಕ್ರೂಡ್ರೈವರು ಅಂಗಡಿಯಲ್ಲೇ ಉಳಿಯಿತು.

ಎಂಟೂಕಾಲಿಗೆ ವಾಪಸು. ಬೆವರು ಒರೆಸಿಕೊಳ್ಳದೆ ಏಳನ್ನು ಹಾಕಿದರು. ಇಬ್ಬರೂ ಕಿವಿಗೊಟ್ಟು ಕೇಳಿದರು. ಗರ್ರ್ ಅಂತು, ಮುಂದೆ ಹೋಯಿತು, ಮತ್ತೆ ಗರ್ರ್ ಅಂತು. "ಕೊರೀತಿಲ್ಲ" ಅಂದರು ಮೇಡಂ. ದೀಪ ಆರಿತು. ಪರದೆ ಎಂಟನೆಯದನ್ನು ಕೇಳಿತು. ಅದು ಒಂದು ಕಡೆ ತಡವರಿಸಿ ಮುಂದೆ ಹೋಯಿತು. ಬರಹವನ್ನು ಬ್ರೈಲ್ ಚುಕ್ಕಿಗೆ ತಿರುಗಿಸುವ ಪ್ರೋಗ್ರಾಮು ಕೊನೆಯ ಎರಡು ಫ್ಲಾಪಿಗಳಲ್ಲಿತ್ತು. ಅದೂ ಇಳಿದು, ಅಗಲ ಮೂತಿಯ ತಂತಿ ಸಿಕ್ಕಿಸಿ, ಸಾಲಿನ ಉದ್ದ ಸರಿಹೊಂದಿಸಿ, ಪ್ರಶ್ನೆಪತ್ರಿಕೆಯನ್ನು ಮತ್ತೆ ಟೈಪ್ ಮಾಡುವಷ್ಟರಲ್ಲಿ ಹನ್ನೊಂದೂಕಾಲು ಆಗಿತ್ತು.

ಮೊದಲ ಹಾಳೆ ದಡದಡ ಸದ್ದು ಮಾಡುತ್ತ ಹೊರಗೆ ಬಂತು. ಅಚ್ಚಿನ ಮೇಡಂ ಅದನ್ನು ಮಡಿಲಲ್ಲಿಟ್ಟುಕೊಂಡು ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿದರು, ಅವಸರ ಮಾಡಲಿಲ್ಲ. "ಎಂಟು ಎಂಟಾಗೇ ಇದೆ" ಅಂದರು. ಹೆಡ್‌ಮಾಸ್ತರು ಹನ್ನೆರಡಕ್ಕೆ ಬಾಗಿಲಲ್ಲಿ ಇಣುಕಿದರು, ಸದ್ದು ಕೇಳಿ ಮುಗುಳ್ನಕ್ಕು ಹೋದರು. ಮಾಮ ಮಾತ್ರ ಗೋಡೆಗೊರಗಿ ಕೂತವರು ಅಲ್ಲೇ ನಿದ್ದೆಹೋದರು.

ಸೋಮವಾರ ಹತ್ತು ಗಂಟೆ. ಯಂತ್ರ ಹೇಗಿದೆ ನೋಡಿಕೊಂಡು ಹೋಗುತ್ತೇನೆ ಅನ್ನುವ ನೆಪದಲ್ಲಿ ಮಾಮ ಬಂದಿದ್ದಾರೆ. ಪರೀಕ್ಷೆಯ ಹಾಲಿನ ಕಿಟಕಿಯ ಹೊರಗೆ ನಿಂತು ನೋಡುತ್ತಾರೆ. ನಲವತ್ತೊಂದು ಮಕ್ಕಳು ಹಾಳೆಗಳ ಮೇಲೆ ಬಾಗಿದ್ದಾರೆ. ಒಂದು ಕೈಯೂ ಮೇಲೆದ್ದಿಲ್ಲ. ಎರಡನೇ ಸಾಲಿನ ಹುಡುಗಿಯೊಬ್ಬಳು ಒಂದೇ ಪ್ರಶ್ನೆಯ ಮೇಲೆ ಬೆರಳು ಓಡಿಸುತ್ತಾಳೆ, ತಿರುಗಿ ಮೊದಲಿಗೆ ಬರುತ್ತಾಳೆ, ಮತ್ತೆ ಓಡಿಸುತ್ತಾಳೆ. ಮಾಮ ಎಣಿಸುತ್ತಾರೆ. ಐದು ಸಲ.

ಮುದ್ರಣದ ಕೋಣೆಯಲ್ಲಿ ಅವರ ಚೀಲ ಕಾದಿದೆ. ಶನಿವಾರ ನಿದ್ದೆಗಣ್ಣಿನಲ್ಲಿ ಬಿಟ್ಟುಹೋದದ್ದು. ಅದರ ಪ್ರತಿಯೊಂದು ಫ್ಲಾಪಿಗೂ ಈಗ ಬ್ರೈಲ್ ಅಂಕಿಯ ಚೀಟಿ ಅಂಟಿದೆ. ಯಾವುದಾದ ಮೇಲೆ ಯಾವುದು, ಎಲ್ಲಿ ಏನು ಒತ್ತಬೇಕು ಅನ್ನುವುದನ್ನೆಲ್ಲ ಮಾಮನ ಬಾಯಿಂದ ಕೇಳಿದ್ದ ಮೇಡಂ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಇಟ್ಟುಕೊಂಡಿದ್ದಾರೆ. "ಮುಂದಿನ ಸಲ ನಾನೇ ಹಾಕ್ತೀನಿ, ನೀವು ಸ್ಟೂಲ್ ಮೇಲೆ ಕೂತ್ಕೊಳ್ಳಿ" ಅನ್ನುತ್ತಾರೆ. ಮಾಮ ತಾವೂ ಒಂದು ಕಾಗದದ ಪೊಟ್ಟಣ ಕೊಡುತ್ತಾರೆ. ಶಾಲೆಗೆ ಅಂತಲೇ ಹೊಸದಾಗಿ ಬರೆದ ಒಂದು ಫ್ಲಾಪಿ, ಯಾರೋ ಹಳೆಯ ಗಿರಾಕಿಯನ್ನು ಭಾನುವಾರವೆಲ್ಲ ಕಾಡಿಬೇಡಿ ತಂದದ್ದು. ಹನ್ನೊಂದು ಪಾಠವೂ ಅದರಲ್ಲಿದೆ. ಅದೇನು ಅಂತ ಗೊತ್ತಾದ ಮೇಲೆ ಅಚ್ಚಿನ ಮೇಡಂ ಮುಖ ಆಚೆ ತಿರುಗಿಸಿಕೊಳ್ಳುತ್ತಾರೆ.

ಗೀಚುಬಿದ್ದ ಎರಡು ಏಳರ ಪೈಕಿ ಒಂದಕ್ಕೂ ಚೀಟಿಯಿದೆ, ಉದ್ದದ್ದು. ಏನು ಬರೆದಿದೆ ಅಂತ ಕೇಳಿದರೆ ಮೇಡಂ ಬಾಯಿ ಬಿಡುವುದಿಲ್ಲ, "ಓದಿಸ್ಕೊಳ್ಳಿ" ಅನ್ನುತ್ತಾರೆ. ಪರೀಕ್ಷೆ ಮುಗಿದು ಮಕ್ಕಳು ಹೊರಗೆ ಬರುವವರೆಗೂ ಮಾಮ ಕಾಯುತ್ತಾರೆ. ಆ ಎರಡನೇ ಸಾಲಿನ ಹುಡುಗಿಯನ್ನೇ ನಿಲ್ಲಿಸಿ, "ಇದನ್ನ ಸ್ವಲ್ಪ ಓದಿ ಹೇಳು ತಾಯಿ" ಅಂತ ಅವಳ ಕೈಗಿಡುತ್ತಾರೆ.

ಹುಡುಗಿ ಬೆರಳು ಓಡಿಸಿ ನಗುತ್ತಾಳೆ. "ಪಿನ್ನು ಹೆಂಡತಿಯ ಡಬ್ಬಿಯಲ್ಲಿರಲಿ, ಫ್ಲಾಪಿ ಮಾಮನ ಜೇಬಿನಲ್ಲಿರಲಿ ಅಂತಿದೆ."

ಮಾಮ ಫ್ಲಾಪಿಯನ್ನು ವಾಪಸು ತೆಗೆದುಕೊಂಡು, ಕನ್ನಡಕ ಹಣೆಗೇರಿಸಿ, ತಮಗೆ ಓದಲು ಬಾರದ ಚುಕ್ಕಿಗಳ ಮೇಲೆ ಹೆಬ್ಬೆರಳು ಆಡಿಸುತ್ತಾರೆ. ಒಂದು ಚುಕ್ಕಿಯೂ ತಪ್ಪಿಲ್ಲ, ಎಲ್ಲ ಒಂದೇ ಎತ್ತರಕ್ಕೆ ಎದ್ದಿವೆ.

"ನನ್ನ ತಪ್ಪನ್ನ ಎಷ್ಟು ಚೆನ್ನಾಗಿ ಅಚ್ಚು ಹಾಕಿದೆ ನೋಡಿ" ಅನ್ನುತ್ತಾರೆ. "ಆ ಯಂತ್ರ ಎಬ್ಬಿಸಿದ್ದು ನಾನೇ."